ಟಿವಿ ಗೇಮಿನ ಡಬ್ಬದಿಂದ ಎಂಟು ದನಿ

ಕಳೆದ ದೀಪಾವಳಿಯ ಮರುದಿನ ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಮನೆಯ 21 ಇಂಚಿನ ಹಳೆಯ ಟಿವಿಯಲ್ಲಿ ‘ಗಿಮಿಕ್’ ಆಟದ ಮೊದಲ ಹಂತದ ಹಾಡು ಎಂಟೂ ದನಿಗಳೊಂದಿಗೆ ಕೇಳಿಸಿತು. ಅದನ್ನು ನುಡಿಸಿದ್ದು ಜಪಾನಿನಿಂದ ತರಿಸಿದ ಫ್ಯಾಮಿಕಾಮ್ (ನಿಂಟೆಂಡೊದ ಅಸಲಿ ಆಟದ ಯಂತ್ರ) ಅಲ್ಲ. ಬೆಂಗಳೂರಿನ ಭಾನುವಾರದ ಚೋರ್ ಬಜಾರಿನಲ್ಲಿ 650 ರೂಪಾಯಿಗೆ ಕೊಂಡ, ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹುಡುಗರೆಲ್ಲ ಕಾಂಟ್ರಾ ಆಡುತ್ತಿದ್ದಂಥ, ಫ್ಯಾಮಿಕಾಮಿನ ನಕಲಾದ ಸಾಧಾರಣ ಟಿವಿ ಗೇಮ್ ಅದು. ಈ ಹವ್ಯಾಸದ ಗೆಳೆಯರು ಒಂದೂವರೆ ವರ್ಷದ ಕಾಲ ‘ಆ ಡಬ್ಬದಲ್ಲಿ ಅದು ಆಗದ ಮಾತು, ಕಂಪ್ಯೂಟರಿನಲ್ಲಿ ಆ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಹಾಕಿಕೊಂಡು ಆಡು’ ಎಂದೇ ಹೇಳುತ್ತಿದ್ದರು. ಆ ರಾತ್ರಿ ಒಂದು ನಿಮಿಷದ ಧ್ವನಿಮುದ್ರಣವನ್ನು ಅವರಿಗೆಲ್ಲ ಕಳುಹಿಸಿದೆ. ಕೇಳಿದ ಮೂವರು ಈಗ ತಮ್ಮ ಡಬ್ಬಗಳನ್ನು ನನಗೆ ಕಳುಹಿಸುವುದಾಗಿ ಹೇಳಿದ್ದಾರೆ.

ನಾವೆಲ್ಲ ಆಡಿದ್ದು 9999999 ಇನ್ 1 ಕ್ಯಾಸೆಟ್ಟಿನಲ್ಲಿದ್ದ ಹತ್ತಿಪ್ಪತ್ತು ಆಟಗಳನ್ನು ಮಾತ್ರ. ಮಾರಿಯೋ, ಟ್ಯಾಂಕ್, ಕಾಂಟ್ರಾ, ಐಲ್ಯಾಂಡ್ ಇವುಗಳಿಂದ ಆಚೆಗೆ ಅದೇ ಯಂತ್ರಕ್ಕೆ 1991ರಿಂದ 93ರವರೆಗೆ ಬಂದ ಆಟಗಳು ನಮ್ಮ ಅಂಗಡಿಗಳಿಗೆ ಬರಲೇ ಇಲ್ಲ. ಜಪಾನಿನಲ್ಲಿಯೂ ಅಷ್ಟರಲ್ಲಿ ಜನ ಮುಂದಿನ ಪೀಳಿಗೆಯ ಸೂಪರ್ ಫ್ಯಾಮಿಕಾಮ್ ಕಡೆಗೆ ಹೊರಳಿದ್ದರಿಂದ ಅವುಗಳನ್ನು ಕೇಳುವವರು ಕಡಿಮೆಯಾಗಿದ್ದರು. ಸನ್‌ಸಾಫ್ಟ್ ಸಂಸ್ಥೆಯ ‘ಗಿಮಿಕ್’ ಹೊರಬಂದದ್ದು 1992ರ ಜನವರಿಯಲ್ಲಿ. ಆ ಕ್ಯಾಸೆಟ್ಟಿನೊಳಗಿನ 5ಬಿ ಎಂಬ ಐಸಿ ಯಂತ್ರದ ಐದು ದನಿಗಳಿಗೆ ಇನ್ನೂ ಮೂರನ್ನು ಸೇರಿಸುತ್ತದೆ. ಮರುವರ್ಷ ಸ್ಕ್ಯಾಂಡಿನೇವಿಯಾದಲ್ಲಿ ಬಂದ ಆವೃತ್ತಿಯಲ್ಲಿ ಆ ಮೂರು ದನಿಗಳಿಲ್ಲ. ಅದನ್ನು ಕೇಳಿದರೆ ತಂಬೂರಿ ಇಲ್ಲದ ಹಾಡುಗಾರಿಕೆಯ ಹಾಗೆ ಬರಿದೆನಿಸುತ್ತದೆ. ನನಗೆ ಪೂರ್ಣ ಹಾಡೇ ಬೇಕಿತ್ತು, ಅದೂ ನಾನು ಬಾಲ್ಯದಲ್ಲಿ ಹಿಡಿದ ಬಗೆಯ ಯಂತ್ರದಲ್ಲಿಯೇ ಬೇಕಿತ್ತು.

ಮೊದಲು ಕೊಂಡ ಡಬ್ಬಕ್ಕೆ 400 ರೂಪಾಯಿ ಕೊಟ್ಟಿದ್ದೆ. ಬಿಚ್ಚಿ ನೋಡಿದರೆ ಐಸಿಗಳೆಲ್ಲ ಒಂದೇ ಕಪ್ಪು ಅಂಟಿನ ಬೊಟ್ಟಿನ ಕೆಳಗಿದ್ದವು. ಅಂಥ ಬೋರ್ಡಿನಲ್ಲಿ ಪ್ರಯತ್ನಿಸಿ ಎರಡು ತಿಂಗಳು ಕಳೆದದ್ದು ನನ್ನ ಮೊದಲ ತಪ್ಪು. ಎರಡನೆಯ ತಪ್ಪು ಅಡಾಪ್ಟರಿನದು: ಒಳಗಿನ ಪಿನ್ ಮೈನಸ್ ಆಗಿರಬೇಕಾದ ಕಡೆ, ಮನೆಯಲ್ಲಿದ್ದ ಬೇರೊಂದು ಯಂತ್ರದ ಪ್ಲಸ್ ಪಿನ್ನಿನ ಅಡಾಪ್ಟರನ್ನು ಮೀಟರ್ ಹಿಡಿಯದೆ ಚುಚ್ಚಿದೆ. ಬೋರ್ಡ್ ಆ ಕ್ಷಣವೇ ಹೋಯಿತು. ಸುಟ್ಟ ವಾಸನೆ ಕೋಣೆಯಲ್ಲಿ ಸಂಜೆಯವರೆಗೂ ಇತ್ತು. ಅಂದಿನಿಂದ ಮೀಟರ್ ಹಿಡಿಯದೆ ಯಾವ ಅಡಾಪ್ಟರನ್ನೂ ಯಾವ ಡಬ್ಬಕ್ಕೂ ಹಾಕಿಲ್ಲ.

ಎರಡನೆಯ ಸಲ ಸಂತೆಗೆ ಹೋದಾಗ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು. ಏಳೆಂಟು ಡಬ್ಬಗಳನ್ನು ಎತ್ತಿ ತೂಗಿ ನೋಡಿ, ಭಾರವಾಗಿದ್ದ ಒಂದನ್ನು ಅಂಗಡಿಯವರ ಒಪ್ಪಿಗೆ ಪಡೆದು ಅಲ್ಲಿಯೇ ಬಿಚ್ಚಿದೆ. ಯುಎ6527ಪಿ (ಲೆಕ್ಕವನ್ನೂ ದನಿಯನ್ನೂ ನೋಡಿಕೊಳ್ಳುವ ಸಿಪಿಯು) ಮತ್ತು ಯುಎ6538 (ಚಿತ್ರ ಬಿಡಿಸುವ ಪಿಪಿಯು) ಎಂಬ ಎರಡು ಉದ್ದನೆಯ ಐಸಿಗಳು ಪಕ್ಕಪಕ್ಕದಲ್ಲಿ ಕುಳಿತಿದ್ದವು. ಬೇಕಾಗಿದ್ದದ್ದು ಇದೇ. ನಮ್ಮ 50 ಹರ್ಟ್ಸ್ ಟಿವಿಗೆ ಹೊಂದುವಂತೆ ಮಾಡಿದ್ದರೂ, ಪಿಪಿಯು ಮೂರು ಹೆಜ್ಜೆ ಇಟ್ಟರೆ ಸಿಪಿಯು ಒಂದು ಹೆಜ್ಜೆ ಎಂಬ ಜಪಾನಿ ಯಂತ್ರದ ಲೆಕ್ಕವನ್ನು ಈ ಜೋಡಿ ಹಾಗೆಯೇ ಉಳಿಸಿಕೊಂಡಿದೆ. ಆದ್ದರಿಂದಲೇ ಸಿಪಿಯು ಎಣಿಕೆಯ ಮೇಲೆ ಪರದೆಯನ್ನು ಭಾಗ ಮಾಡುವ ‘ಗಿಮಿಕ್’, ‘ಕ್ರೈಸಿಸ್ ಫೋರ್ಸ್’ ಮುಂತಾದ ಆಟಗಳಲ್ಲಿ ಅಂಕಗಳನ್ನು ತೋರಿಸುವ ಪಟ್ಟಿ ನಡುಗುವುದಿಲ್ಲ. ಯುರೋಪಿನ ಅಸಲಿ ಯಂತ್ರದಲ್ಲಿ ಈ ಲೆಕ್ಕ 3.2ಕ್ಕೆ ಒಂದು. ಈ ಒಂದು ಸಂಗತಿಯಲ್ಲಿ ನಮ್ಮ ಅಗ್ಗದ ಡಬ್ಬವೇ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಕ್ಯಾಸೆಟ್ಟಿನ ಜಾಗಕ್ಕೆ 60 ಪಿನ್ನಿನ ಎವರ್‌ಡ್ರೈವ್ ಎನ್8 ಪ್ರೊ ಎಂಬ, ಮೆಮೊರಿ ಕಾರ್ಡಿನಲ್ಲಿಟ್ಟ ಆಟಗಳನ್ನು ಓಡಿಸುವ ಕಾರ್ಡ್ ತರಿಸಿದೆ. ‘ಗಿಮಿಕ್’ನ ಮೂಲ ಜಪಾನಿ ಕ್ಯಾಸೆಟ್ಟಿನ ಬೆಲೆ ನನ್ನಂಥವರ ಕೈಗೆ ಎಟುಕುವಂಥದ್ದಲ್ಲ. ಕಾರ್ಡ್ ಹಾಕಿದಾಗ ಮೆನು ಬಂದಿತು, ಆದರೆ ಆಟ ತೆರೆದ ಕೂಡಲೇ ಚಿತ್ರವೆಲ್ಲ ಚೂರುಚೂರಾಗಿ ಹರಡಿಕೊಂಡಿತು. ಗೆಳೆಯರು ಮೊದಲೇ ಎಚ್ಚರಿಸಿದ್ದು ಇದನ್ನೇ. ಸ್ಲಾಟಿನ ಪಿನ್ನುಗಳನ್ನು ಐಪಿಎಯಿಂದ (ಒರೆಸಲು ಬಳಸುವ ಆಲ್ಕೋಹಾಲ್) ಮೂರು ಸಲ ಒರೆಸಿದೆ, ಫಲವಾಗಲಿಲ್ಲ. ಆಮೇಲೆ ಮೀಟರಿಟ್ಟು ನೋಡಿದರೆ, ಈ ಕಾರ್ಡ್ ಸಾಮಾನ್ಯ ಕ್ಯಾಸೆಟ್ಟಿಗಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ 5 ವೋಲ್ಟ್ ಇರಬೇಕಾದ ಕಡೆ 4.5ರ ಆಸುಪಾಸಿಗೆ ಇಳಿದಿತ್ತು, 5 ವೋಲ್ಟನ್ನು ಸ್ಥಿರವಾಗಿ ಕೊಡುವ 7805 ಎಂಬ ಐಸಿ ಮುಟ್ಟಲಾಗದಷ್ಟು ಕಾದಿತ್ತು. ಒಳ್ಳೆಯ ಒಂದು ಆಂಪಿಯರ್ ಅಡಾಪ್ಟರ್, ಹೊಸ 7805, ಹೆಬ್ಬೆರಳಿನಷ್ಟು ದೊಡ್ಡ ಹೀಟ್‌ಸಿಂಕ್, ಜೊತೆಗೆ ಹೊಸ ಕಂಡೆನ್ಸರ್ ಇವುಗಳಿಂದ ಮುಕ್ಕಾಲು ಪಾಲು ತೊಂದರೆ ನೀಗಿತು. ಉಳಿದ ಕಾಲು ಪಾಲು ಹೋದದ್ದು ಸ್ಲಾಟಿನ ಒಂದು ಪಿನ್ನಿಗೂ ಗ್ರೌಂಡಿಗೂ ನಡುವೆ ಬೆಸೆದ ಒಂದು ಪುಟ್ಟ ಸೆರಾಮಿಕ್ ಕಂಡೆನ್ಸರಿನಿಂದ. ಯಾವ ಪಿನ್, ಎಷ್ಟು ಅಳತೆಯ ಕಂಡೆನ್ಸರ್ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಮಳೆಗಾಲವಿಡೀ ಹಿಡಿಯಿತು.

ಚಿತ್ರ ನಿಂತ ಮೇಲೆ ದನಿಯ ಕೆಲಸ ಆರಂಭವಾಯಿತು. ಅಸಲಿ ಫ್ಯಾಮಿಕಾಮಿನಲ್ಲಿ ಸಿಪಿಯುವಿನ ದನಿ 45ನೆಯ ಪಿನ್ನಿನಿಂದ ಕ್ಯಾಸೆಟ್ಟಿನೊಳಗೆ ಹೋಗಿ, ಅಲ್ಲಿನ ದನಿಯನ್ನು ಕೂಡಿಸಿಕೊಂಡು 46ರ ಮೂಲಕ ಹೊರಬರುತ್ತದೆ. ನನ್ನ ಬೋರ್ಡಿನಲ್ಲಿ ಈ ಎರಡು ಪಿನ್ನುಗಳಿಗೆ ಯಾವ ಟ್ರ್ಯಾಕೂ (ಬೋರ್ಡಿನ ಮೇಲಿನ ತಾಮ್ರದ ಗೆರೆ) ಇರಲಿಲ್ಲ, ದನಿ ಸಿಪಿಯುವಿನಿಂದ ನೇರವಾಗಿ ಎವಿ ಸಾಕೆಟ್ಟಿಗೆ ಹೋಗುತ್ತಿತ್ತು. ಆ ನೇರ ಟ್ರ್ಯಾಕನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ವೈರ್ ಎಳೆದು ದಾರಿಯನ್ನು ಸುತ್ತಿಸಿದೆ. ಮೊದಲ ಪ್ರಯತ್ನದಲ್ಲಿ ಹೊಸ ಮೂರು ದನಿಗಳು ಹಳೆಯ ಐದನ್ನು ಮುಳುಗಿಸಿಬಿಟ್ಟವು. ಎರಡನೆಯ ಪ್ರಯತ್ನದಲ್ಲಿ ಹದ ಕೂಡಿತು, ಆದರೆ ಪರದೆ ಬೆಳ್ಳಗಾದಾಗಲೆಲ್ಲ ಜೇನುಹುಳು ಹೊಕ್ಕಂತೆ ಝೇಂಕಾರ ಬರುತ್ತಿತ್ತು. ವೈರ್ ವಿಡಿಯೋ ಟ್ರಾನ್ಸಿಸ್ಟರಿನ ಪಕ್ಕದಲ್ಲಿಯೇ ಹಾದುಹೋಗಿದ್ದು ಅದಕ್ಕೆ ಕಾರಣ. ಮೈಕಿಗೆ ಬಳಸುವ ಷೀಲ್ಡ್ ವೈರ್ ಹಾಕಿ, ಬೋರ್ಡಿನ ಕೆಳಭಾಗದಿಂದ ಸುತ್ತಿ ತಂದು, ಷೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿದಾಗ ಝೇಂಕಾರ ನಿಂತಿತು. ಹಳೆಯ, ಹೊಸ ದನಿಗಳ ಹದ ಕೂಡಿಸುವ ರೆಸಿಸ್ಟರಿನ ಅಳತೆಯನ್ನು ನಿಮ್ಮ ನಿಮ್ಮ ಬೋರ್ಡಿಗೆ ತಕ್ಕಂತೆ ನೀವೇ ಕಿವಿಯಿಂದ ಗೊತ್ತುಮಾಡಿಕೊಳ್ಳಬೇಕು. ನಾನು ಒಂದು ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಇಟ್ಟು ಹದ ಸಿಕ್ಕ ಮೇಲೆ ಅಳೆದು, ಅದೇ ಅಳತೆಯ ರೆಸಿಸ್ಟರ್ ಬೆಸೆದೆ.

ನಡುವೆ ಒಂದು ಬೇರೆ ಪ್ರಯೋಗಕ್ಕೂ ಕೈಹಾಕಿದ್ದೆ. ನನ್ನ ಬೋರ್ಡಿನ ಸಿಪಿಯುವಿನಲ್ಲಿ ಸ್ವರ ಹುಟ್ಟಿಸುವ ಚೌಕ ಅಲೆ ಎಷ್ಟು ಪಾಲು ಹೊತ್ತು ‘ಆನ್’ ಇರಬೇಕೆಂಬ 25 ಮತ್ತು 50 ಶೇಕಡಾ ಅದಲುಬದಲಾಗಿರುವುದರಿಂದ ಕೆಲವು ಹಾಡುಗಳ ಮುಖ್ಯ ಸ್ವರ ತೆಳ್ಳಗೂ ಜೊತೆಯ ಸ್ವರ ದಪ್ಪಗೂ ಕೇಳಿಸುತ್ತದೆ. ಇದನ್ನು ಸರಿಪಡಿಸಲೆಂದು ಅಸಲಿ ಫ್ಯಾಮಿಕಾಮಿನ ಸಿಪಿಯು ಆದ ಜಪಾನಿನ ರಿಕೋ 2ಎ03 ಐಸಿ ಒಂದನ್ನು ಸುಮಾರು 1,800 ರೂಪಾಯಿ ಕೊಟ್ಟು ತರಿಸಿ ಸಾಕೆಟ್ಟಿನಲ್ಲಿ ಕೂರಿಸಿದೆ. ಅದು ಗಡಿಯಾರದ ಸಂಕೇತವನ್ನು 12ರಿಂದ ಭಾಗಿಸುತ್ತದೆ, ನಮ್ಮ ಬೋರ್ಡಿಗೆ ಬೇಕಿರುವುದು 15. ಹೀಗಾಗಿ ಸಿಪಿಯು ಕಾಲುಪಾಲು ವೇಗ ಹೆಚ್ಚಿಸಿಕೊಂಡು ಓಡಿತು, ಹಾಡಿನ ಶ್ರುತಿ ಮೇಲೇರಿತು, ಪರದೆಯ ವಿಭಜನೆ ಎಲ್ಲೆಂದರಲ್ಲಿ ಬಿದ್ದಿತು. ಆ ಐಸಿಯನ್ನು ಜೋಪಾನವಾಗಿ ತೆಗೆದಿಟ್ಟಿದ್ದೇನೆ. ಅದಲುಬದಲಿನ ದೋಷ ಇಂದಿಗೂ ನನ್ನ ಡಬ್ಬದಲ್ಲಿದೆ, ಕಿವಿ ಅದಕ್ಕೆ ಒಗ್ಗಿದೆ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ 26,000ದಿಂದ 27,000. ಅದರಲ್ಲಿ ಸುಂಕವೂ ಸೇರಿ 20,000ಕ್ಕೂ ಮಿಕ್ಕಿದ ಪಾಲು ಕಾರ್ಡಿನದು. ಎಸ್.ಪಿ. ರಸ್ತೆಯಲ್ಲಿ ಕೊಂಡ ಬಿಡಿಭಾಗಗಳೆಲ್ಲ ಸೇರಿ 900 ದಾಟಿಲ್ಲ. ಉಳಿದದ್ದು ಹಾಳಾದ ಬೋರ್ಡು, ಆ 2ಎ03, ಮೂರು ಜೊತೆ ಕಂಟ್ರೋಲರ್, ಹಾಗೂ ಟಿವಿ ರಿಪೇರಿ.

ಇನ್ನು ಆಟಗಳ ಮಾತು. ‘ಗಿಮಿಕ್’ನಲ್ಲಿ ಯುಮೆತಾರೊ ಎಂಬ ಪುಟ್ಟ ಹಸಿರು ಜೀವಿ ತಲೆಯ ಮೇಲೆ ನಕ್ಷತ್ರವೊಂದನ್ನು ಮೂಡಿಸಿ ಎಸೆಯುತ್ತಾನೆ. ಆ ನಕ್ಷತ್ರ ಗೋಡೆಗೆ, ಇಳಿಜಾರಿಗೆ ಬಡಿದು ಪುಟಿಯುವ ಕೋನವನ್ನು ಅಂದಾಜು ಮಾಡಿ, ಅದರ ಮೇಲೆ ಹಾರಿ ನಿಂತು ಸವಾರಿ ಮಾಡುವುದನ್ನು ಕಲಿಯಲು ನನಗೆ ಎರಡು ವಾರ ಬೇಕಾಯಿತು. ಹಂತಕ್ಕೊಂದರಂತೆ ಅಡಗಿಸಿಟ್ಟ ನಿಧಿಗಳನ್ನೆಲ್ಲ ಕಂಟಿನ್ಯೂ ಬಳಸದೆ ಕೂಡಿಸಿದವರಿಗೆ ಮಾತ್ರ ಕೊನೆಯ ಹಂತ ತೆರೆಯುತ್ತದೆ. ನಾನು ಅದನ್ನು ಈವರೆಗೆ ಎರಡು ಸಲ ಮುಗಿಸಿದ್ದೇನೆ. ಮೊದಲ ಹಂತದ ನಿಧಿಯ ಜಾಗವನ್ನು ಹೇಳಿದರೆ ನಿಮ್ಮ ಒಂದು ಸಂಜೆಯ ಸುಖವನ್ನು ಕಸಿದಂತಾಗುತ್ತದೆ.

‘ರೆಕ್ಕಾ’ ವಿಮಾನದಿಂದ ಗುಂಡು ಹಾರಿಸುವ ಆಟಗಳ ಸ್ಪರ್ಧೆಗೆಂದೇ 1992ರ ಬೇಸಿಗೆಯಲ್ಲಿ ನಾಕ್ಸಾಟ್ ಸಂಸ್ಥೆ ಹೊರತಂದ ಆಟ. ಶಿನೋಬು ಯಾಗಾವಾ ಅದರ ಪ್ರೋಗ್ರಾಮರ್. ಈ ಹಳೆಯ ಯಂತ್ರ ಇಷ್ಟು ವೇಗವಾಗಿ ಓಡಬಲ್ಲದೆಂದು ನಾನು ಎಣಿಸಿರಲಿಲ್ಲ. ಗುಂಡು ಹಾರಿಸುವುದನ್ನು ನಿಲ್ಲಿಸಿದಾಗ ಬಾಂಬ್ ತುಂಬಿಕೊಳ್ಳುತ್ತದೆ, ಹಾಗಾಗಿ ಯಾವಾಗ ಸುಮ್ಮನಿರಬೇಕೆಂಬುದೇ ಇಲ್ಲಿನ ಮುಖ್ಯ ವಿದ್ಯೆ. 60ರ ಬದಲು 50 ಹರ್ಟ್ಸ್ ಆದ್ದರಿಂದ ನಮ್ಮ ಡಬ್ಬದಲ್ಲಿ ಆಟ ಆರರಲ್ಲೊಂದು ಪಾಲು ನಿಧಾನ. ಬೇರೆ ಆಟಗಳಲ್ಲಿ ಇದನ್ನು ಕೊರತೆ ಎನ್ನಬಹುದು, ‘ರೆಕ್ಕಾ’ದಲ್ಲಿ ಮಾತ್ರ ಇದು ವರ. ಹೊಸ ಎಲ್‌ಇಡಿ ಟಿವಿಗೆ ಹಾಕಿಯೂ ನೋಡಿದೆ. ಗುಂಡಿ ಒತ್ತಿದ್ದು ಪರದೆಗೆ ತಲುಪುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ಕೊನಾಮಿಯ ‘ಕ್ರೈಸಿಸ್ ಫೋರ್ಸ್’ ಇಬ್ಬರು ಕೂತು ಆಡುವ ಆಟ, ಜೊತೆಗಾರರಿದ್ದರೆ ತಪ್ಪಿಸಬೇಡಿ.

ನಿಂಟೆಂಡೊ 1993ರಲ್ಲಿ ತಂದ ‘ಜಾಯ್ ಮೆಕ್ ಫೈಟ್’ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ ಆಟ. ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ (ಚಲಿಸುವ ಚಿತ್ರದ ತುಣುಕು) ಬಂದರೆ ಮಿಣುಕುವ ಯಂತ್ರದಲ್ಲಿ ಕಾದಾಟದ ಆಟ ಮಾಡಲು ಅವರು ರೋಬೋಟುಗಳ ಕೈಕಾಲುಗಳನ್ನೇ ತೆಗೆದುಹಾಕಿ, ತಲೆ, ಮುಂಡ, ಅಂಗೈ, ಪಾದಗಳನ್ನು ಮಾತ್ರ ಗಾಳಿಯಲ್ಲಿ ತೇಲಿಬಿಟ್ಟಿದ್ದಾರೆ. ಮಿಣುಕು ಇಲ್ಲ, ಚಲನೆ ಬೆಣ್ಣೆಯಂತಿದೆ. ಸೋಲಿಸಿದ ರೋಬೋಟುಗಳು ನಮ್ಮ ಕಡೆಗೆ ಬರುವುದರಿಂದ ಒಬ್ಬರೇ ಆಡಿದರೂ ಬೇಸರವಾಗದು. ಅಕ್ಕನ ಮಗ ಜಪಾನಿ ಭಾಷೆಯ ಒಂದಕ್ಷರವೂ ತಿಳಿಯದೆ ನಾಲ್ಕು ದಿನದಲ್ಲಿ ನನ್ನನ್ನು ಸೋಲಿಸತೊಡಗಿದ. ‘ಮಾಮಾ, ಇನ್ನೊಂದು ಸಲ’ ಎನ್ನುತ್ತ ರಜೆಯೆಲ್ಲ ಆಡಿದ.

ಈಗ ಕಾರ್ಡಿನಲ್ಲಿ ಇರುವುದು ಕೊನಾಮಿಯ 1991ರ ‘ಲಗ್ರಾಂಜ್ ಪಾಯಿಂಟ್’. ವಿಆರ್‌ಸಿ7 ಐಸಿಯ ಆರು ಎಫ್‌ಎಂ (ಒಂದು ಅಲೆಯಿಂದ ಇನ್ನೊಂದನ್ನು ಬದಲಿಸಿ ಸ್ವರ ಹುಟ್ಟಿಸುವ) ದನಿಗಳನ್ನು ಬಳಸಿದ ಆಟ ಇದೊಂದೇ. ಅಭಿಮಾನಿಗಳು ಮಾಡಿದ ಇಂಗ್ಲಿಷ್ ಅನುವಾದದಲ್ಲಿ ಆಡುತ್ತಿದ್ದೇನೆ. ‘ಗಿಮಿಕ್’ಗೆ ಕೂಡಿದ ಹದ ಇದಕ್ಕೆ ಕೂಡಲಿಲ್ಲ, ಘಂಟೆಯಂಥ ಮೇಲಿನ ಸ್ವರಗಳು ಒಡೆಯುತ್ತಿವೆ. ರೆಸಿಸ್ಟರನ್ನು ತೆಗೆದು ಪ್ರೀಸೆಟ್ಟನ್ನು ಮತ್ತೆ ಬೆಸೆದಿದ್ದೇನೆ. ಡಬ್ಬದ ಮುಚ್ಚಳ ಮೇಜಿನ ಮೇಲೆ ತೆರೆದೇ ಇದೆ.