ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದಾಗ

ಕೊಡಗಿನ ಸಿದ್ದಾಪುರದ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯ ಶಿಕ್ಷಕಿ. ನಾವು ಶಿಕ್ಷಕರು ಐದು ಜನ. ಮಕ್ಕಳಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲು ಮನೆಗಳಿಂದ, ಬರುವವರು. ಮನೆಯಲ್ಲಿ ಮಾತಾಡುವುದು ಎರವ, ಮಲಯಾಳಂ, ತಮಿಳು. ಕನ್ನಡ ಶುರುವಾಗುವುದು ಶಾಲೆಗೆ ಬಂದ ಮೇಲೆಯೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೂ ಒಂದು ಅಭಿವೃದ್ಧಿ ಯೋಜನೆ ಇರಬೇಕು. ಅದನ್ನು ಮಾಡಬೇಕಾದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ, ಅಂದರೆ ತಂದೆತಾಯಿಯರೂ ನಾವೂ ಕೂತು. ಮೊದಮೊದಲು ನಾನೊಬ್ಬಳೇ ಸಂಜೆ ಕೂತು ಬರೆದು ಮುಗಿಸುತ್ತಿದ್ದೆ. ಸೋರುವ ಹೆಂಚು, ಕಾಂಪೌಂಡು, ಶೌಚಾಲಯದ ನೀರು. ಇಲ್ಲಿನ ಮಳೆಗೆ ಅವೆಲ್ಲ ಬೇಕೇ ಬೇಕು. ಆದರೆ ಇಡೀ ಯೋಜನೆಯಲ್ಲಿ ಒಂದು ಮಗುವಿನ ಕಲಿಕೆಯ ಮಾತೇ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಐವರೂ ಕೂತೆವು. ಒಬ್ಬೊಬ್ಬರೂ ತಮ್ಮ ತರಗತಿಯ ಐದು ಮಕ್ಕಳ ಲೆಕ್ಕದ ಪುಸ್ತಕ ತರಬೇಕು ಅಂತ ಹೇಳಿದ್ದೆ. ನಾಲ್ಕನೇ ತರಗತಿಯ ಒಂದು ಪುಸ್ತಕದಲ್ಲಿ 52ರಲ್ಲಿ 27 ಕಳೆದು 35 ಅಂತ ಬರೆದಿತ್ತು. 'ಈ ಹುಡುಗಿಗೆ ಗಮನವೇ ಇಲ್ಲ ಮೇಡಂ' ಎಂದರು ಅವಳ ಮೇಷ್ಟ್ರು. ಪುಟ ತಿರುಗಿಸುತ್ತಾ ಹೋದೆವು. ಎಲ್ಲ ಲೆಕ್ಕದಲ್ಲೂ ಅವಳು ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆದಿದ್ದಳು. ಎರಡರಲ್ಲಿ ಏಳು ಹೋಗಲ್ಲ, ಹಾಗಾಗಿ ಏಳರಲ್ಲಿ ಎರಡು. ಆರನೇ ತರಗತಿಯ ಪುಸ್ತಕಗಳಲ್ಲೂ ಅದೇ ತಪ್ಪು ಸಿಕ್ಕಿತು.

ಆಗ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಚಟುವಟಿಕೆಗಳಿಂದ ಕಲಿಯುವ ನಲಿ-ಕಲಿ ತರಗತಿಯ ಟೀಚರ್ ಮೆಲ್ಲಗೆ ಹೇಳಿದರು: 'ಮೂರನೇ ತರಗತಿವರೆಗೆ ಕಡ್ಡಿ ಕಟ್ಟು ಇಟ್ಕೊಂಡೇ ಮಾಡ್ತಾರೆ ಸಾರ್. ನಾಲ್ಕಕ್ಕೆ ಬಂದ ಕೂಡಲೇ ಕಡ್ಡಿ ಇಲ್ಲ.' ಯಾರೂ ಮಾತಾಡಲಿಲ್ಲ. ಅವರು ಹೇಳಿದ್ದು ನಿಜ.

ಮುಂದಿನ ವಾರ ಅವರೇ ನಾಲ್ಕನೇ ತರಗತಿಗೆ ಪಾಠ ಮಾಡಿದರು. ಎಲ್ಲರೂ ಹೋಗಿ ಕೂತರೆ ಉಳಿದ ಮಕ್ಕಳನ್ನು ಯಾರು ನೋಡುವುದು? ಹಾಗಾಗಿ ಆ ಮೇಷ್ಟ್ರು ಮತ್ತು ನಾನು, ಇಬ್ಬರೇ ಹಿಂದೆ ಕೂತೆವು. ಒಂದು ಮಾತು ಮೊದಲೇ ಆಗಿತ್ತು: ಟೀಚರನ್ನು ನೋಡಬಾರದು, ಮಕ್ಕಳ ಕೈ ನೋಡಬೇಕು. ನಾನು ಆ ಹುಡುಗಿಯ ಪಕ್ಕದಲ್ಲೇ ಇದ್ದೆ. ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ತೆಗೆಯಬೇಕು, ಇರುವುದು ಎರಡು. ಸುಮಾರು ಹೊತ್ತು ಸುಮ್ನೆ ಕೂತಳು. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು ಬಿಚ್ಚಿದಳು. ಹನ್ನೆರಡಾಯಿತು, ಏಳು ತೆಗೆದಳು. ಉಳಿದ ನಾಲ್ಕು ಕಟ್ಟಿನಲ್ಲಿ ಎರಡು ಸರಿಸಿದಳು. ಇಪ್ಪತ್ತೈದು. ಯಾರೂ ಹೇಳದೆಯೇ ಹಳೆಯ ಪುಟ ಹುಡುಕಿ 35ರ ಮೇಲೆ ಗೆರೆ ಎಳೆದಳು. ಮೇಷ್ಟ್ರ ಕಣ್ಣು ತುಂಬಿತ್ತು.

ಅಲ್ಲಿಂದ ಶನಿವಾರದ ಕೂಟ ನಿಂತಿಲ್ಲ. ತರಬೇತಿಗಳಿಂದಲೂ ಕಲಿತಿದ್ದೇನೆ, ಆದರೆ ನಮ್ಮದೇ ಮಕ್ಕಳ ಪುಸ್ತಕ ಮಧ್ಯೆ ಇಟ್ಟುಕೊಂಡು ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ.

ಆಮೇಲೆ ಹಾಜರಿ ಪುಸ್ತಕ ತೆಗೆದೆವು. ಜೂನ್, ಜುಲೈನಲ್ಲಿ ಮಳೆ ರಜೆ. ಡಿಸೆಂಬರ್‌ನಿಂದ ರೊಬಸ್ಟಾ ಕಾಫಿ ಕುಯ್ಲು, ಆಗ ದೊಡ್ಡ ಮಕ್ಕಳು ಬರುವುದಿಲ್ಲ. ಎಸ್‌ಡಿಎಂಸಿ ಸಭೆಯನ್ನು ತೋಟದ ಕೆಲಸ ಬಿಟ್ಟ ಮೇಲೆ, ಸಂಜೆಗೆ ಇಟ್ಟೆವು. ಒಬ್ಬ ತಾಯಿ ಹೇಳಿದರು: 'ನಾವು ಬೆಳಗ್ಗೆನೇ ಹೋಗ್ಬೇಕು ಟೀಚರ್. ಚಿಕ್ಕದನ್ನು ನೋಡ್ಲಿಕ್ಕೆ ದೊಡ್ಡದು ಬಿಟ್ರೆ ಯಾರುಂಟು?' ಅಂಗನವಾಡಿ ತೆರೆಯುವವರೆಗೆ ಚಿಕ್ಕದನ್ನೂ ಕರೆದುಕೊಂಡು ಬರಲಿ, ಒಂದನೇ ತರಗತಿಯಲ್ಲಿ ಕೂರಲಿ ಎಂದೆವು. ಭಿನ್ನರಾಶಿಯಂಥ ಕಷ್ಟದ ಪಾಠಗಳನ್ನು ಆಗಸ್ಟ್‌ನಿಂದ ನವೆಂಬರ್ ಒಳಗೆ ತಂದೆವು. ಕೊಡಗಿನ ಶಾಲೆಯ ಯೋಜನೆ ಮಳೆ ಮತ್ತು ಕಾಫಿ ನೋಡಿಕೊಂಡೇ ಆಗಬೇಕು, ಅಲ್ವಾ?

ಮೊದಲ ಸಲ ಹನ್ನೆರಡು ಗುರಿ ಬರೆದು ಅರ್ಧವೂ ಆಗಲಿಲ್ಲ. ಈಗ ಮೂರೇ. ಅದರಲ್ಲಿ ಮೊದಲನೆಯದು, ಕನ್ನಡ ಓದಲು ಬಾರದ ಒಂಬತ್ತು ಮಕ್ಕಳು. ಹೆಸರು ಬರೆದು, ಪಕ್ಕದಲ್ಲಿ ಯಾವ ಶಿಕ್ಷಕರು ಅಂತಲೂ ಬರೆದಿದ್ದೇವೆ. ಆರು ಮಕ್ಕಳು ಈಗ ಓದುತ್ತಾರೆ. ಉಳಿದ ಮೂವರಲ್ಲಿ ಒಬ್ಬ ಕುಯ್ಲು ಶುರುವಾದ ಮೇಲೆ ಬಂದಿಲ್ಲ. ನಾಳೆ ಅವನ ಲೈನ್ ಮನೆಗೆ ಹೋಗುತ್ತಿದ್ದೇನೆ.