ಕಾಲು ಗಂಟೆ ಕಾಯದ ತಪ್ಪು

ತಿಂಗಳ 9ನೇ ತಾರೀಕು ನಮ್ಮ ಪಿಎಚ್‌ಸಿಯಲ್ಲಿ ಗರ್ಭಿಣಿಯರ ದಿನ. ಬೆಳಗ್ಗೆ ಹತ್ತಕ್ಕೆಲ್ಲ ಬೆಂಚು ತುಂಬಿರುತ್ತದೆ. ಬಿಪಿ, ತೂಕ, ಹಿಮೋಗ್ಲೋಬಿನ್ ಆದ ಮೇಲೆ ಬೆರಳು ಚುಚ್ಚಿ ಎಚ್‌ಐವಿ, ಸಿಫಿಲಿಸ್ ಎರಡನ್ನೂ ಒಂದೇ ಕಿಟ್‌ನಲ್ಲಿ ನೋಡುತ್ತೇನೆ. ಸಿಫಿಲಿಸ್ ಅಂದರೆ ಲೈಂಗಿಕ ಸಂಪರ್ಕದಿಂದ ಅಂಟುವ ಸೋಂಕು. ಒಂದು ಹನಿ ರಕ್ತ, ಅದರ ಮೇಲೆ ಬಫರ್. ಆಮೇಲೆ ಕಾಲು ಗಂಟೆ ಕಾಯಬೇಕು, ಅಷ್ಟೇ.

ಆ ಕಾಲು ಗಂಟೆಯಲ್ಲೇ ನಾನೊಮ್ಮೆ ಎಡವಿದ್ದೆ. ಕೆಲಸಕ್ಕೆ ಸೇರಿದ ಹೊಸತು, ಸಾಲು ಉದ್ದ ಇತ್ತು. ಐದೇ ನಿಮಿಷಕ್ಕೆ ನೋಡಿ ಒಬ್ಬಳ ತಾಯಿ ಕಾರ್ಡಿನಲ್ಲಿ ನೆಗೆಟಿವ್ ಅಂತ ಬರೆದು ಕಳಿಸಿಬಿಟ್ಟೆ. ಮಧ್ಯಾಹ್ನ ಕಿಟ್ ಬಿಸಾಡಲು ಹೋದರೆ ಸಿಫಿಲಿಸ್ ಜಾಗದಲ್ಲಿ ಮಸುಕಾದ ಗೆರೆ! ಹೊತ್ತು ಮೀರಿ ಕಂಡ ಗೆರೆಯನ್ನೂ ನಂಬುವ ಹಾಗಿಲ್ಲ. ಮತ್ತೆ ಚುಚ್ಚಲೇಬೇಕು. ಅವಳ ಮನೆಯ ಫೋನ್ ಇರುವುದು ಅತ್ತೆಯ ಕೈಯಲ್ಲಿ. ಅದಕ್ಕೆ ಆಶಾ ಅಕ್ಕನನ್ನೇ ಕಳಿಸಿ ಕರೆಸಿದೆ. ಈ ಸಲ ಹೊತ್ತಿಗೆ ಸರಿಯಾಗಿ ನೋಡಿದೆ. ಗೆರೆ ಇತ್ತು. ಅವತ್ತಿನಿಂದ ಪ್ರತಿ ಕಿಟ್ ಮೇಲೂ ಪೆನ್ನಿನಲ್ಲಿ ಟೈಮ್ ಬರೆಯುತ್ತೇನೆ.

ಸ್ಟೋರ್ ರೂಮಿನ ಬಾಗಿಲು ಹಾಕಿ ಹೇಳಿದೆ. "ನೋಡಮ್ಮ, ರಕ್ತದಲ್ಲಿ ಒಂದು ಸೋಂಕಿದೆ. ಇಂಜೆಕ್ಷನ್‌ಗೆ ಹೋಗುತ್ತೆ. ಸುಮ್ನೆ ಬಿಟ್ಟರೆ ಮಗುವಿಗೆ ದಾಟುತ್ತೆ, ಮಗು ಹೊಟ್ಟೆಯಲ್ಲೇ ಹೋಗಿಬಿಡಬಹುದು." ಅವಳು ಕೇಳಿದ್ದು ಒಂದೇ ಮಾತು: "ಅವರಿಗೆ ಹೇಳಲೇಬೇಕಾ ಸಿಸ್ಟರ್?" ಹೇಳಲೇಬೇಕು. ಗಂಡನಿಗೂ ಔಷಧಿ ಆಗದಿದ್ದರೆ ಮತ್ತೆ ಅಂಟುತ್ತೆ, ಅಲ್ವಾ? ಅವಳಿಗೆ ಆಗ ಮೂರನೇ ತಿಂಗಳು. ಆರ್‌ಪಿಆರ್‌ಗೆ, ಅಂದರೆ ಸಿಫಿಲಿಸ್ ಈಗಲೂ ಇದೆಯೋ ಅಂತ ಅಂದಾಜಿಸುವ ಇನ್ನೊಂದು ಪರೀಕ್ಷೆಗೆ, ರಕ್ತ ಕಳಿಸಿದೆವು. ರಿಪೋರ್ಟಿಗೆ ಕಾಯದೆ ಡಾಕ್ಟರ್ ಅವತ್ತೇ ಬೆಂಜಥೀನ್ ಪೆನಿಸಿಲಿನ್ ಬರೆದರು, 24 ಲಕ್ಷ ಯೂನಿಟ್. ಅದು ಮಂದ ಔಷಧಿ. ಕಲಸಿ ತಡ ಮಾಡಿದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ, ಮೇಲೆ ನೋವೂ ಜಾಸ್ತಿ. ಅರ್ಧರ್ಧ ಎರಡೂ ಕಡೆ ಸೊಂಟಕ್ಕೆ ಕೊಟ್ಟು, ಅಲರ್ಜಿ ಜೋರಾದರೆ ಬೇಕೆಂದು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಅರ್ಧ ಗಂಟೆ ಕೂರಿಸಿದೆ. ಗಂಡ ಬೆಂಗಳೂರಿನಲ್ಲಿ ಗಾಡಿ ಓಡಿಸುವವನು. ಬರಲು ಹತ್ತು ದಿನ ಹಿಡಿಯಿತು. ಬಂದವನು ಸೂಜಿ ನೋಡಿ ಹೆಂಡತಿಗಿಂತ ಹೆಚ್ಚು ಹೆದರಿದ.

ಇನ್ನೊಂದು ಕಡೆ, ಪೇಟೆಯ ಲ್ಯಾಬಿನಲ್ಲಿ ದುಡ್ಡು ಸುರಿದು ಟಾರ್ಚ್ ಟೆಸ್ಟ್ (ರುಬೆಲ್ಲಾದಂಥ, ಮಗುವಿಗೆ ದಾಟಬಹುದಾದ ಸೋಂಕುಗಳ ರಕ್ತ ಪರೀಕ್ಷೆ) ಮಾಡಿಸಿ, ಐಜಿಜಿ ಎಂಬ ಪ್ರತಿಕಾಯ ಪಾಸಿಟಿವ್ ಅಂತ ಅಳುತ್ತ ಬರುವವರಿದ್ದಾರೆ. ರುಬೆಲ್ಲಾಗೆ ಐಜಿಜಿ ಇದ್ದರೆ ಬಹುಪಾಲು ಒಳ್ಳೆಯದೇ. ಹಿಂದೆ ಬಂದುಹೋದದ್ದೋ ಲಸಿಕೆಯದ್ದೋ ಗುರುತು ಅದು. ಕಾರಣವಿಲ್ಲದೆ ಎಲ್ಲರಿಗೂ ಅದನ್ನು ಬರೆಯುವುದು ನನಗಂತೂ ಹಿಡಿಸುವುದಿಲ್ಲ.

ಮೂರು ವರ್ಷದ ಮೇಲೆ ಅವಳೇ ಎರಡನೇ ಬಸಿರಿನಲ್ಲಿ ಬಂದಳು. ದೊಡ್ಡವನು ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ. ಕಿಟ್‌ನಲ್ಲಿ ಮತ್ತೆ ಗೆರೆ. ಹೊಸ ಟೆಕ್ನಿಷಿಯನ್ ಹುಡುಗನ ಮುಖ ಸಣ್ಣಗಾಯಿತು. ಸಿಫಿಲಿಸ್ ವಾಸಿಯಾದ ಮೇಲೂ ಈ ಗೆರೆ ಹೆಚ್ಚಿನವರಲ್ಲಿ ಹೋಗುವುದೇ ಇಲ್ಲ. ಹಳೆಯದೋ ಹೊಸದೋ ಅಂತ ತಿಳಿಯಲು ಆರ್‌ಪಿಆರ್ ಟೈಟರ್, ಅಂದರೆ ಅದರ ಮಟ್ಟ, ನೋಡಬೇಕು. ನಾನು ಬಾಯಿ ತೆರೆಯುವ ಮೊದಲೇ ಅವಳು ಪ್ಲಾಸ್ಟಿಕ್ ಕವರಿನಿಂದ ಹಳೇ ತಾಯಿ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. "ನೀವೇ ಬರೆದದ್ದು ಇದೆ, ನೋಡಿ ಸಿಸ್ಟರ್." ನೋಡಿದೆ. ಆರ್‌ಪಿಆರ್‌ಗೆ ರಕ್ತವನ್ನೂ ತೆಗೆದೆ.