ತೋಟದ ಕೆರೆಯ ನೀರನ್ನು ನಾನು ಅಳೆಯುವ ಕ್ರಮ

ಕಾಸರಗೋಡಿನ ನಮ್ಮ ಕಡೆ ಬಾವಿಗಳನ್ನು, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳನ್ನು ಕೋಲಿನ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಕೋಲು ಸುಮಾರು ಎರಡೂವರೆ ಅಡಿ. ಆಳ ಹೇಳಲು ಅದು ಸಾಕು, ಎಷ್ಟು ನೀರು ಅಂತ ಕೇಳಿದರೆ ಸಾಲದು. ಕೆರೆಗೆ ನಾನು ಹಿಡಿದದ್ದು ಘನ ಮೀಟರ್, ಅಂದರೆ 1,000 ಲೀಟರ್.

ಕೆರೆಯ ಮೇಲ್ಮೈ 20 × 15 ಮೀಟರ್, ನೀರಿನ ಆಳ 3 ಮೀಟರ್. ಹಾಗೇ ಗುಣಿಸಿದರೆ 900 ಘನ ಮೀಟರ್. ಆದರೆ ದರೆ, ಅಂದರೆ ಬದಿಯ ಮಣ್ಣಿನ ಗೋಡೆ, ಇಳಿಜಾರು; ತಳ 16 × 11 ಮಾತ್ರ. ಮೇಲಿನ ವಿಸ್ತೀರ್ಣ 300, ನಡುವಿನದು 234, ತಳದ್ದು 176. ನಡುವಿನದನ್ನು ನಾಲ್ಕರಿಂದ ಗುಣಿಸಿ ಉಳಿದೆರಡಕ್ಕೆ ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದರೆ 706. ಮೊದಲ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಲೀಟರ್ ಬರೇ ಕಾಗದದ ನೀರು.

ಆಳ ತೆಗೆಯಲು ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟರೆ ಕಲ್ಲು ಕೆಸರಿಗೆ ಹೂತು ಆಳ ಜಾಸ್ತಿ ತೋರಿಸುತ್ತದೆ. ಪಿವಿಸಿ ಪೈಪಿಗೆ 10 ಸೆಂಟಿಮೀಟರಿಗೊಂದು ಗೆರೆ ಹಾಕಿ, ಬುಡಕ್ಕೆ ಅಂಗೈಯಗಲದ ತಗಡು ಬಿಗಿದುಕೊಳ್ಳಿ. ಪೈಪಿಗೆ ತೂತು ಕೊರೆಯಲು ಮರೆಯಬೇಡಿ, ಒಳಗೆ ಗಾಳಿ ನಿಂತರೆ ನೀರು ಅದನ್ನು ಮೇಲಕ್ಕೆ ದೂಡುತ್ತದೆ. ಕನಿಷ್ಠ ಐದು ಕಡೆ ಇಳಿಸಿ ನೋಡಬೇಕು.

ಸುರಂಗದ ನೀರಿಗೆ ದಂಬೆಯ (ನೀರು ಹಾಯಿಸುವ, ಸೀಳಿದ ಅಡಕೆ ಮರದ ದೋಣಿ) ತುದಿಯಲ್ಲಿ ಬಾಲ್ದಿ ಹಿಡಿದರಾಯಿತು. 15 ಲೀಟರ್ ತುಂಬಲು 150 ಸೆಕೆಂಡ್ ಬೇಕಾದರೆ ದಿನಕ್ಕೆ 8,640 ಲೀಟರ್. ಬಾಲ್ದಿಯ ಮೇಲೆ ಬರೆದ ಅಳತೆಯನ್ನು ನಂಬದೆ ಲೀಟರ್ ಬಾಟ್ಲಿಯಿಂದ ಹೊಯ್ದು ಗೆರೆ ಹಾಕಿ. ಜನವರಿಯ ಅಳತೆ ಎಪ್ರಿಲಿಗೆ ನಡೆಯುವುದಿಲ್ಲ.

ಸುರಂಗ ಬತ್ತಿದ ಮೇಲೆ ಕೆರೆಯೇ ಗತಿ. ಮರಕ್ಕೆ 20 ಲೀಟರಿನಂತೆ 500 ಅಡಕೆ ಮರಕ್ಕೆ ದಿನಕ್ಕೆ 10 ಘನ ಮೀಟರ್, ಹಾಗಾದರೆ 70 ದಿನ ಬರಬೇಕು. ಬರುವುದಿಲ್ಲ. ಪಂಪು ನಿಲ್ಲಿಸಿ ದಿನವಿಡೀ ನೋಡಿದಾಗ ಮಟ್ಟ 8 ಮಿಲಿಮೀಟರ್ ಇಳಿದಿತ್ತು: ಬಿಸಿಲಿಗೆ, ಮುರಕಲ್ಲಿನ (ಜಂಬಿಟ್ಟಿಗೆಯ) ಸಂದಿಗೆ ಹೋದದ್ದು 2.4 ಘನ ಮೀಟರ್. ತಳದ ಅರ್ಧ ಮೀಟರಿನ 90 ಚಿಲ್ಲರೆ ಘನ ಮೀಟರ್ ಫೂಟ್ ವಾಲ್ವಿಗೆ, ಅಂದರೆ ಪಂಪಿನ ಪೈಪು ನೀರೆಳೆಯುವ ಬಾಯಿಗೆ, ಎಟಕುವುದಿಲ್ಲ. ಕಳೆದುಳಿದದ್ದು ಸುಮಾರು 50 ದಿನ.

ಪತ್ರಿಕೆಯ ಟಿಎಂಸಿಯನ್ನು ಇದೇ ಲೆಕ್ಕಕ್ಕೆ ಇಳಿಸಬಹುದು. ಅದು ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ 28.32 ಲೀಟರ್, ಒಂದು ಟಿಎಂಸಿಗೆ 28.32 ದಶಲಕ್ಷ ಘನ ಮೀಟರ್. ಅಂಕಿ ಒಂದೇ ಆದ್ದರಿಂದ ಒಂದನ್ನು ನೆನಪಿಟ್ಟರೆ ಸಾಕು. ಕ್ಯುಸೆಕ್ ಮಾತ್ರ ಬೇರೆ ಜಾತಿ, ಅದು ಹರಿವಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ: 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಕೆರೆಯಂಥವು ಅಷ್ಟಕ್ಕೆ 40,000 ಬೇಕು.